ಕೊನೆಯ ಲೇನ್

ಈಜು ಕ್ಲಬ್ಬಿನ ಅರ್ಜಿಯಲ್ಲಿ ಹೆಸರು, ವಿಭಾಗ, ಯಾವ ವರ್ಷ ಅಂತೆಲ್ಲ ಸರಾಗವಾಗಿ ಬರೆದೆ. ಕೆಳಗೆ ಒಂದು ಕೋಷ್ಟಕ ಇತ್ತು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ. ಒಂದೊಂದಕ್ಕೂ 50, 100, 200 ಮೀಟರ್. ಎದುರಿಗೆ ‘ಬೆಸ್ಟ್ ಟೈಮ್’ ಬರೆಯಲು ಖಾಲಿ ಮನೆಗಳು.

ಪೆನ್ನು ಅಲ್ಲಿಗೆ ನಿಂತಿತು. ನನಗೆ ಈಜು ಬರುತ್ತದೆ, ಅದು ಗೊತ್ತು. ಎಷ್ಟು ಸೆಕೆಂಡಿನಲ್ಲಿ ಬರುತ್ತದೆ ಅಂತ ಅದುವರೆಗೆ ಯಾರೂ ಕೇಳಿರಲಿಲ್ಲ. ಮೇಜಿನ ಆಚೆ ಕುಳಿತಿದ್ದ ಸೀನಿಯರ್ ನನ್ನ ಮುಖ ನೋಡಿ, "ಗೊತ್ತಿಲ್ಲ ಅಂದ್ರೆ ಗೆರೆ ಎಳಿ, ಟ್ರಯಲ್ಸ್‌ನಲ್ಲಿ ನೋಡೋಣ" ಎಂದರು. ಹನ್ನೆರಡು ಮನೆಗೂ ಗೆರೆ ಎಳೆದೆ. ಕಾಗದ ವಾಪಸ್ ಕೊಡುವಾಗ ನನಗೇ ಒಂಥರಾ ಆಯಿತು.

ಸಂಜೆ ಹೊತ್ತು ಸುಮ್ನೆ ಕೊಳಕ್ಕೆ ಹೋಗಿ ನಾಲ್ಕು ಸುತ್ತು ಹೊಡೆದು ಬರಬಹುದಿತ್ತು. ಅದಕ್ಕೆ ಯಾವ ಅರ್ಜಿಯೂ ಬೇಡ. ಸ್ಪರ್ಧೆಗೆ ಹೋಗುವ ಕ್ಲಬ್ಬಿಗೇ ಹೆಸರು ಕೊಟ್ಟೆ ಏಕೆ? ನಿಜ ಹೇಳಬೇಕೆಂದರೆ, ನಾನು ಚೆನ್ನಾಗಿ ಈಜುತ್ತೇನೆ ಅಂದುಕೊಂಡಿದ್ದೆ. ರಜೆಯಲ್ಲಿ ನೆಂಟರ ಮಕ್ಕಳ ಜೊತೆ ನೀರಿಗಿಳಿದರೆ ಆಚೆ ಬದಿ ಮೊದಲು ಮುಟ್ಟುವುದು ನಾನೇ ಆಗಿತ್ತು. ಆ ಮಕ್ಕಳಲ್ಲಿ ಇಬ್ಬರಿಗೆ ಈಜೇ ಬರುತ್ತಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಟ್ರಯಲ್ಸ್ ಬೆಳಿಗ್ಗೆ 6 ಗಂಟೆಗೆ. 50 ಮೀಟರ್ ಕೊಳ, ಎಂಟು ಲೇನ್. ಟಿವಿಯಲ್ಲಿ ಒಲಿಂಪಿಕ್ಸ್ ನೋಡುವಾಗ 50 ಮೀಟರ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಆಚೆ ಗೋಡೆ ಬೇರೆ ಯಾವುದೋ ಊರಿನಲ್ಲಿ ಇದ್ದ ಹಾಗಿತ್ತು. ಮೊದಲು 100 ಮೀಟರ್ ಫ್ರೀಸ್ಟೈಲ್, ಆಮೇಲೆ ಬೇರೆ ಯಾವುದಾದರೂ ಸ್ಟ್ರೋಕ್‌ನಲ್ಲಿ 50.

ನೀರಿಗೆ ಹಾರಲು ನಿಲ್ಲುವ ಕಟ್ಟೆ, ಅಂದರೆ ಬ್ಲಾಕ್ ಹತ್ತಿದೆ. ನೀರಿನಿಂದ ಮುಕ್ಕಾಲು ಮೀಟರಿಗಿಂತ ಎತ್ತರ ಇರುವಂತಿಲ್ಲ ಅಂತ ನಿಯಮ ಇದೆ. ಅದರ ತುದಿಗೆ ಕಾಲ್ಬೆರಳು ಸಿಕ್ಕಿಸಿ ಬಗ್ಗಿ ನಿಂತವರಿಗೆ ಅದು ಎರಡನೇ ಮಹಡಿ. ಸೀಟಿ ಕೇಳಿಸಿತು. ಹಾರಿದೆ. ಕೈಗಿಂತ ಮೊದಲು ಹೊಟ್ಟೆ ನೀರು ಮುಟ್ಟಿತು. ಚಟಾರ್ ಅಂದ ಸದ್ದು ದಡದಲ್ಲಿದ್ದವರಿಗೆಲ್ಲ ಕೇಳಿಸಿತಂತೆ. ಗಾಗಲ್ಸ್ ಮೂಗು ದಾಟಿ ಜಾರಿ ಬಾಯಿಗೆ ಬಂದು ಕೂತಿತು.

2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಗಾಗಲ್ಸ್ ಒಳಗೂ ನೀರು ತುಂಬಿಕೊಂಡಿತ್ತು. ಗೋಡೆ ಕಾಣದೆ, ಕೈ ಬೀಸಿದ್ದನ್ನು ಎಣಿಸಿಕೊಂಡೇ ಈಜಿ ಚಿನ್ನ ಗೆದ್ದರು. 1:52.03, ಆಗಿನ ವಿಶ್ವದಾಖಲೆ. ನನಗೂ ಏನೂ ಕಾಣಲಿಲ್ಲ. ಹೋಲಿಕೆ ಅಲ್ಲಿಗೆ ಮುಗಿಯಿತು. ನಾನು ಲೇನ್ ಹಗ್ಗಕ್ಕೆ ಭುಜ ಉಜ್ಜಿಕೊಂಡೆ, ಮತ್ತೆ ಮಧ್ಯಕ್ಕೆ ಬಂದೆ, ಮತ್ತೆ ಉಜ್ಜಿಕೊಂಡೆ. ಆ ಹಗ್ಗದ ಪ್ಲಾಸ್ಟಿಕ್ ಬಿಲ್ಲೆಗಳು ಎಷ್ಟು ಚೂಪು ಅಂತ ದಡದಲ್ಲಿ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ. 50 ಮುಗಿಸಿ ಗೋಡೆ ಹಿಡಿದು ಒಂದು ಉಸಿರು ಎಳೆದುಕೊಂಡು ಹಿಂತಿರುಗಿದೆ. 70 ದಾಟಿದ ಮೇಲೆ ಕೈಗಳು ನನ್ನವಲ್ಲ. ಒದ್ದೆ ಗೋಣಿಚೀಲ ಎತ್ತಿ ಎತ್ತಿ ಮುಂದಕ್ಕೆ ಎಸೆದ ಹಾಗೆ ಎಸೆಯುತ್ತಾ ಬಂದೆ.

"ಒಂದು ನಲವತ್ತೊಂದು" ಎಂದರು ಸ್ಟಾಪ್‌ವಾಚ್ ಹಿಡಿದಿದ್ದ ಸೀನಿಯರ್. ಅರ್ಜಿ ತೆಗೆದುಕೊಂಡಿದ್ದವರೇ ಅವರು.

"ಪರವಾಗಿಲ್ವಾ?" ಅಂತ ಕೇಳಿದೆ, ಏದುಸಿರು ಬಿಡುತ್ತಾ.

"ಈಗ ನಿನಗೂ ಒಂದು ಟೈಮ್ ಇದೆ" ಎಂದರು.

ಎರಡನೆಯದಕ್ಕೆ ಬ್ರೆಸ್ಟ್‌ಸ್ಟ್ರೋಕ್ ಆರಿಸಿಕೊಂಡೆ. ಹೆಮ್ಮೆಯಿಂದ ಒಂದು ಕೈ ಚಾಚಿ ಗೋಡೆ ಮುಟ್ಟಿದೆ. ತಲೆಯ ಮೇಲೇ ಕೋಚ್ ಕುಕ್ಕರಗಾಲಲ್ಲಿ ಕುಳಿತಿದ್ದರು. "ಎರಡೂ ಕೈ. ಒಟ್ಟಿಗೆ. ರೇಸ್ ಆಗಿದ್ದಿದ್ರೆ ಈ 50 ಲೆಕ್ಕಕ್ಕೇ ಇಲ್ಲ." ಬ್ರೆಸ್ಟ್‌ಸ್ಟ್ರೋಕ್‌ಗೂ ಬಟರ್‌ಫ್ಲೈಗೂ ಆ ನಿಯಮ ಇದೆಯಂತೆ. ನಾನು ಅಲ್ಲಿಯವರೆಗೆ ಗೋಡೆಯನ್ನು ಹೇಗೆ ಬೇಕಾದರೂ ಮುಟ್ಟಬಹುದು ಅಂದುಕೊಂಡಿದ್ದೆ.

ಸಂಜೆ ಪಟ್ಟಿ ಹಾಕಿದರು. ನನ್ನ ಹೆಸರು ಇತ್ತು, ಕೊನೆಯಲ್ಲಿ. ಮುಂದೆ ‘ಲೇನ್ 8’ ಎಂದಿತ್ತು. ರೇಸ್‌ಗಳಲ್ಲಿ ಎಂಟು ಲೇನ್ ಇದ್ದರೆ ಎಲ್ಲರಿಗಿಂತ ಒಳ್ಳೆ ಟೈಮ್ ಇರುವವರಿಗೆ ನಾಲ್ಕನೇ ಲೇನ್ ಕೊಡುತ್ತಾರೆ. ಆಮೇಲೆ 5, 3, 6, 2, 7, 1. ಎಂಟು ಎಲ್ಲಕ್ಕಿಂತ ಕೊನೆ. ನಮ್ಮ ಅಭ್ಯಾಸದಲ್ಲಿ ಲೆಕ್ಕ ಇನ್ನೂ ಸರಳ: ಒಂದರಲ್ಲಿ ವೇಗದವರು, ಎಂಟರಲ್ಲಿ ನಾವು. ಯಾವ ಲೆಕ್ಕ ಹಾಕಿದರೂ ನಾನು ಅಲ್ಲೇ.

ನನ್ನನ್ನು ನಿಜವಾಗಿ ಸೋಲಿಸಿದ್ದು ಟ್ರಯಲ್ಸ್ ಅಲ್ಲ, ಮೊದಲ ದಿನದ ಅಭ್ಯಾಸ. ಅದೂ ಈಜಿನಲ್ಲಲ್ಲ, ಲೆಕ್ಕದಲ್ಲಿ.

ಗೋಡೆಯ ಮೇಲೆ ಒಂದು ದೊಡ್ಡ ಗಡಿಯಾರ. ಗಂಟೆಯೂ ಇಲ್ಲ, ಜನ ನೋಡುವಂಥ ನಿಮಿಷವೂ ಇಲ್ಲ. ಕೆಂಪು ಸೆಕೆಂಡು ಮುಳ್ಳು ಮಾತ್ರ ಸುತ್ತುತ್ತಾ ಇರುತ್ತದೆ. ಬೋರ್ಡಿನ ಮೇಲೆ ‘8 × 100, 2:15’ ಅಂತ ಬರೆದಿದ್ದರು. ಅಂದರೆ ಎರಡು ನಿಮಿಷ ಹದಿನೈದು ಸೆಕೆಂಡಿಗೊಮ್ಮೆ ಹೊಸ ನೂರು ಶುರು ಮಾಡಬೇಕು. ಎರಡು ನಿಮಿಷದಲ್ಲಿ ಮುಗಿಸಿದರೆ ಹದಿನೈದು ಸೆಕೆಂಡು ಸುಧಾರಿಸಿಕೊಳ್ಳಬಹುದು. 2:05 ಆದರೆ ಹತ್ತು ಸೆಕೆಂಡು. ನಿಧಾನದವರಿಗೆ ದಣಿವು ಜಾಸ್ತಿ, ವಿಶ್ರಾಂತಿ ಕಡಿಮೆ. ಈ ಅನ್ಯಾಯದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಒಂದು ಲೇನ್‌ನಲ್ಲಿ ಐದು ಜನ. ಒಬ್ಬರ ಹಿಂದೆ ಒಬ್ಬರು, ಹತ್ತು ಸೆಕೆಂಡು ಬಿಟ್ಟು ಹೊರಡಬೇಕು. ತಳದಲ್ಲಿರುವ ಕಪ್ಪು ಗೆರೆಯ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬರಬೇಕು. ಯಾರು ಮುಂದೆ, ಯಾರು ಹಿಂದೆ ಅನ್ನುವುದು ವೇಗದ ಮೇಲೆ ನಿರ್ಧಾರ. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜಾಗ ಕಂಡಲ್ಲಿ ನಿಂತೆ. ಅದು ಮೂರನೇ ಜಾಗ ಆಗಿತ್ತು.

ಮೊದಲ ನೂರಕ್ಕೆ ಮುಳ್ಳು 20ಕ್ಕೆ ಬಂದಾಗ ಹೊರಟೆ. ಮುಂದಿನದು 35ಕ್ಕೆ. ಆಮೇಲೆ 50, ಆಮೇಲೆ 5. ದಡದಲ್ಲಿ ಕೂತು ಬರೆಯುವಾಗ ಸುಲಭ. ನೀರಲ್ಲಿ ಗೋಡೆಗೆ ಗದ್ದ ಊರಿ, ಎದೆ ಡಬಡಬ ಅನ್ನುವಾಗ 50ಕ್ಕೆ 15 ಕೂಡಿಸಿ ಅರವತ್ತು ಕಳೆದು ನೋಡಿ. ನಾನು ಮುಳ್ಳು ನೋಡುವುದು ಬಿಟ್ಟೆ. ಮುಂದಿನವರು ಹೊರಟರೆ ಹೊರಡುವುದು, ಅಷ್ಟೇ.

ನಾಲ್ಕನೇ ನೂರರ ಮಧ್ಯದಲ್ಲಿ ಯಾರೋ ನನ್ನ ಪಾದ ಮುಟ್ಟಿದರು. ಮೆತ್ತಗೆ, ಬಾಗಿಲು ತಟ್ಟಿದ ಹಾಗೆ. ನಾನು ಬೆಚ್ಚಿಬಿದ್ದೆ. ಕಾಲು ಝಾಡಿಸಿದೆ. ಏನೋ ತಗುಲಿತು. ಏನಾಯಿತು ಅಂತ ನೋಡಲು ಲೇನಿನ ನಟ್ಟನಡುವೆ ನಿಂತು ಹಿಂದೆ ತಿರುಗಿದೆ. ಒಬ್ಬರು ಸೊಟ್ಟ ಆದ ಗಾಗಲ್ಸ್ ಸರಿ ಮಾಡಿಕೊಳ್ಳುತ್ತಿದ್ದರು. ಅವರ ಹಿಂದಿದ್ದವರು ಬಂದು ಅವರಿಗೆ ಗುದ್ದಿದರು. ಎದುರು ಬದಿಯಿಂದ ಬರುತ್ತಿದ್ದವರು ನನ್ನ ಮೊಣಕೈಗೆ ಸಿಕ್ಕಿದರು. ಐದು ಜನರಲ್ಲಿ ನಾಲ್ಕು ಜನ ನೀರಿನ ಮಧ್ಯೆ ನಿಂತು ನನ್ನ ಮುಖ ನೋಡುತ್ತಿದ್ದೆವು, ನಾನೂ ಸೇರಿ ಅಂದರೆ ತಪ್ಪಿಲ್ಲ.

ಗಾಗಲ್ಸ್‌ಗೆ ಒದೆ ತಿಂದವರು ನನಗಿಂತ ಎರಡು ವರ್ಷ ಸೀನಿಯರ್. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಮೊದಲು ಎರಡನೇ ಲೇನ್‌ನಲ್ಲಿ ಇದ್ದವರಂತೆ. ಭುಜದ ನೋವಿಗೆ ತಿಂಗಳುಗಟ್ಟಲೆ ನೀರಿಗಿಳಿಯದೆ, ಈಗ ನಿಧಾನಕ್ಕೆ ಶುರು ಮಾಡಲು ನಮ್ಮ ಲೇನಿಗೆ ಬಂದಿದ್ದರು. ಬೈಯುತ್ತಾರೆ ಅಂದುಕೊಂಡೆ.

"ಕಾಲು ಮುಟ್ಟಿದರೆ ‘ನಾನು ಹಿಂದೆ ಇದೀನಿ, ದಾರಿ ಬಿಡು’ ಅಂತ ಅರ್ಥ" ಎಂದರು. "ಅಲ್ಲೇ ನಿಲ್ಲಬೇಡ. ಗೋಡೆವರೆಗೆ ಹೋಗು. ಮೂಲೆಗೆ ಸರಿ. ನಾವು ಹೋದಮೇಲೆ ಬಾ. ಅಷ್ಟೇ, ಜಗಳ ಏನಿಲ್ಲ."

ಮುಂದಿನ ಗೋಡೆಯಲ್ಲಿ ಮೂಲೆಗೆ ಸರಿದೆ. ಎಲ್ಲರೂ ಹೋದ ಮೇಲೆ ಐದನೆಯ ಜಾಗದಲ್ಲಿ ಹೊರಟೆ. ಅಲ್ಲಿಂದ ಅದೇ ನನ್ನ ಜಾಗ. ಆರನೇ ನೂರು ಮುಗಿಸಿ ಗೋಡೆ ಮುಟ್ಟುವ ಹೊತ್ತಿಗೆ ಉಳಿದವರು ಏಳನೆಯದಕ್ಕೆ ಹೊರಟೇ ಹೋಗಿದ್ದರು. ಎಂಟರಲ್ಲಿ ಎರಡು ನೂರು ನಾನು ಈಜಲೇ ಇಲ್ಲ. ಯಾರೂ ಎಣಿಸುತ್ತಿರಲಿಲ್ಲ ಅಂದುಕೊಂಡೆ. ಹೋಗುವಾಗ ಕೋಚ್, "ಆರು" ಎಂದರು. ಅಷ್ಟೇ ಎಂದರು.

ಎರಡನೇ ವಾರ ಅವರು ನನ್ನನ್ನು ಲೇನಿನಿಂದ ಹೊರಗೆ ಕರೆದು ಕೊಳದ ಮೂಲೆಯಲ್ಲಿ ನಿಲ್ಲಿಸಿದರು. ಕಾಲು ಜೋರಾಗಿ ಬಡಿ ಅನ್ನುತ್ತಾರೇನೋ ಅಂತ ಕಾದೆ. "ಉಸಿರು ಎಲ್ಲಿ ಬಿಡ್ತೀಯ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಉಸಿರು ಎಳೆದುಕೊಳ್ಳುವುದು ಗೊತ್ತು. ಮುಖ ನೀರಿನಲ್ಲಿ ಇರುವಷ್ಟು ಹೊತ್ತೂ ಅದನ್ನು ಒಳಗೇ ಹಿಡಿದಿಟ್ಟುಕೊಂಡು, ತಲೆ ಎತ್ತಿದ ಅರೆಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡೂ ಮಾಡುತ್ತಿದ್ದೆ. ಉಸಿರು ಹಿಡಿದಾಗ ಆಗುವ ಸಂಕಟ ಹೆಚ್ಚಾಗಿ ಆಮ್ಲಜನಕ ಮುಗಿದು ಆಗುವುದಲ್ಲ, ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಆಗುವುದು. ಹಳೆಯದನ್ನು ಹೊರಗೆ ಹಾಕದೆ ಹೊಸದಕ್ಕೆ ಬಾಯಿ ಬಿಡುತ್ತಿದ್ದೆ. ಅದಕ್ಕೇ ತಲೆ ಅಷ್ಟು ಎತ್ತುತ್ತಿದ್ದೆ. ತಲೆ ಎತ್ತಿದಾಗಲೆಲ್ಲ ಸೊಂಟ, ಕಾಲು ಕೆಳಗಿಳಿಯುತ್ತಿದ್ದವು. ಅರ್ಧ ಶಕ್ತಿ ಮುಂದೆ ಹೋಗಲು, ಅರ್ಧ ಶಕ್ತಿ ಮುಳುಗದಿರಲು.

ಅವತ್ತು ಒಂದು ಗಂಟೆ ನಾನು ಒಂದು ಮೀಟರೂ ಈಜಲಿಲ್ಲ. ಗೋಡೆ ಹಿಡಿದು ಮುಖ ಮುಳುಗಿಸಿ, ಮೂಗಿನಿಂದ ‘ಹ್ಞೂಂ’ ಎನ್ನುತ್ತಾ ಗುಳ್ಳೆ ಬಿಡುವುದು. ಎಲ್ಲ ಗಾಳಿ ಖಾಲಿಯಾದರೆ ದೇಹ ತಾನಾಗಿ ಕೆಳಗಿಳಿಯುತ್ತದೆ. ತಳದಲ್ಲಿ ಕೂತು ಮೇಲೆ ನೋಡಿದೆ. ನನ್ನದೇ ಗುಳ್ಳೆಗಳು ನಡುಗುತ್ತಾ ಮೇಲೆ ಹೋಗಿ ಬೆಳಕಿಗೆ ತಾಗಿ ಒಡೆಯುತ್ತಿದ್ದವು. ಪಕ್ಕದ ಲೇನಿನವರ ಹೊಟ್ಟೆಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಕ್ಲಬ್ ಸೇರಿದ ಮೇಲೆ ಮೊದಲ ಸಲ ಗಾಬರಿ ಇರಲಿಲ್ಲ.

ಗೋಡೆ ಹತ್ತಿರ ಲಾಗ ಹಾಕಿ ಹಿಂತಿರುಗುವ ಟರ್ನ್ ಕಲಿತ ಕಥೆ ಇಷ್ಟು ಚೆಂದ ಇಲ್ಲ. ಗೋಡೆಗೆ 2 ಮೀಟರ್ ಇರುವಾಗ ಕಪ್ಪು ಗೆರೆ ಅಡ್ಡಗೆರೆಯಾಗಿ ಮುಗಿಯುತ್ತದೆ. ಅದನ್ನು ನೋಡಿ ಅಂದಾಜು ಮಾಡಿ ನೀರಿನೊಳಗೆ ಲಾಗ ಹಾಕಬೇಕು. ನಾನು ಗೆರೆ ಕಂಡ ತಕ್ಷಣ ಲಾಗ ಹಾಕಿದೆ. ಕಾಲು ಚಾಚಿ ಒದ್ದೆ. ಗೋಡೆ ಇನ್ನೂ ಒಂದು ಮಾರು ದೂರದಲ್ಲಿತ್ತು. ಖಾಲಿ ನೀರಿಗೆ ಒದ್ದು ಅಲ್ಲೇ ಅಂಗಾತ ತೇಲಿದೆ. ಇನ್ನೊಮ್ಮೆ ತೀರಾ ಹತ್ತಿರ ಹೋಗಿ ಹಿಮ್ಮಡಿ ಗೋಡೆಗೆ ಬಡಿದುಕೊಂಡೆ. ಮೂಗಿನಿಂದ ಗಾಳಿ ಬಿಡುವುದು ಮರೆತ ದಿನ ನೀರು ನೆತ್ತಿಗೆ ಹತ್ತಿತು.

ತರಗತಿಗೆ ಒದ್ದೆ ತಲೆ, ಕಣ್ಣಿನ ಸುತ್ತ ಗಾಗಲ್ಸ್ ಗುರುತು ಹೊತ್ತು ಹೋಗುವುದು ಅಭ್ಯಾಸವಾಯಿತು. ಪಕ್ಕದಲ್ಲಿ ಕೂತವರು "ಕ್ಲೋರಿನ್ ವಾಸನೆ" ಅನ್ನುತ್ತಿದ್ದರು. ಕೊಳದ ಆ ಘಾಟು ಬರೀ ಕ್ಲೋರಿನ್‌ನದ್ದಲ್ಲ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿ ಆಗುವ ಕ್ಲೋರಮೈನ್‌ನದ್ದು. ನೀರಿಗಿಳಿಯುವ ಮೊದಲು ಸ್ನಾನ ಮಾಡಿ ಅನ್ನುವುದು ಅದಕ್ಕೇ. ಇದನ್ನು ತಿಳಿದ ಮೇಲೆ ನೀರು ಕುಡಿಯುವುದು ತಾನಾಗಿ ಕಡಿಮೆಯಾಯಿತು.

ಆರು ವಾರಕ್ಕೆ ಮತ್ತೆ ಟೈಮ್ ತೆಗೆದರು. 1:32. ಲೇನ್ ಬದಲಾಗಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ‘800, ನಿಲ್ಲದೆ’ ಅಂತ ಇತ್ತು. ನಾಲ್ಕನೆಯವರಾಗಿ ಅಕ್ಕ, ಐದನೆಯ ಜಾಗದಲ್ಲಿ ನಾನು. 300 ಆಗುವ ಹೊತ್ತಿಗೆ ಅವರ ಪಾದದ ಗುಳ್ಳೆಗಳು ನನ್ನ ಮುಖಕ್ಕೆ ಬರತೊಡಗಿದವು. ಮೊದಲು ನಂಬಲಿಲ್ಲ. ನಿಧಾನ ಮಾಡಿ ದೂರ ಬಿಟ್ಟೆ. ಮತ್ತೆ ಹತ್ತಿರ ಬಂದುಬಿಟ್ಟೆ. ನನ್ನ ಬೆರಳ ತುದಿಗೂ ಅವರ ಹಿಮ್ಮಡಿಗೂ ಒಂದು ಗೇಣು. ಮುಟ್ಟಬೇಕು. ಕೈ ಬರಲಿಲ್ಲ. ನೋವಿನಿಂದ ವಾಪಸ್ ಬಂದವರು, ನನಗೆ ಎಲ್ಲ ಹೇಳಿಕೊಟ್ಟವರು. ಹಾಗೇ ಒಂದು 100 ಹಿಂದೆ ಹಿಂದೆಯೇ ಹೋದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಪಾದ ಮುಟ್ಟಿದೆ. ಬಾಗಿಲು ತಟ್ಟಿದ ಹಾಗೆ.

ಅವರು ಬೆಚ್ಚಲಿಲ್ಲ. ಗೋಡೆವರೆಗೆ ಅದೇ ವೇಗದಲ್ಲಿ ಹೋಗಿ ಮೂಲೆಗೆ ಸರಿದರು. ನಾನು ತಲೆ ಎತ್ತಿ ಏನೋ ಹೇಳಲು ಹೋದೆ. "ಹೋಗು, ಹೋಗು" ಎಂದರು.

ಮುಂದೆ ಯಾರೂ ಹತ್ತಿರದಲ್ಲಿರಲಿಲ್ಲ. ಗುಳ್ಳೆ ಇಲ್ಲ, ಪಾದ ಇಲ್ಲ, ಬರೀ ಕಪ್ಪು ಗೆರೆ. ಒಬ್ಬರ ಬೆನ್ನ ಹಿಂದೆ ಅಂಟಿಕೊಂಡು ಈಜಿದರೆ ನೀರಿನ ಎಳೆತ ಕಡಿಮೆ. ಅಷ್ಟು ಹೊತ್ತು ನಾನು ಓಡಿದ್ದು ಅವರ ಖರ್ಚಿನಲ್ಲಿ ಅಂತ ಆಗ ಗೊತ್ತಾಯಿತು. ನೀರು ಏಕ್‌ದಂ ಗಟ್ಟಿಯಾದ ಹಾಗಾಯಿತು. 500 ದಾಟಿತು. ಭುಜ ಉರಿಯತೊಡಗಿತು. ಎಷ್ಟನೇ ಸುತ್ತು ಅನ್ನುವುದು ತಪ್ಪಿಹೋಯಿತು. 600 ಇರಬೇಕು, ಪಾದಕ್ಕೆ ಏನೋ ತಾಗಿತು. ಮೆತ್ತಗೆ.

ಈ ಸಲ ಕಾಲು ಝಾಡಿಸಲಿಲ್ಲ. ಗೋಡೆವರೆಗೆ ಹೋದೆ, ಮೂಲೆಗೆ ಸರಿದೆ.

"ಹೋಗಿ ಅಕ್ಕ" ಎಂದೆ. ಅವರು ನಗುತ್ತಾ ಇದ್ದರು ಅನ್ನಿಸುತ್ತದೆ. ಲಾಗ ಹಾಕಿ ಹೋಗಿಬಿಟ್ಟರು.