ಇನ್ನೂರ ನಲವತ್ತು ಕುದುರೆಗಳ ಲೆಕ್ಕ

ರಾಜಕೀಯ ವ್ಯಂಗ್ಯ ಎಂದರೆ ಬರೀ ಚುಚ್ಚುಮಾತು ಎಂದುಕೊಂಡವರು 1724ರ ಡಬ್ಲಿನ್ನಿನ ಒಂದು ಕಿರುಹೊತ್ತಗೆಯನ್ನು ಪೆನ್ಸಿಲ್ ಹಿಡಿದು ಓದಬೇಕು. ಅಲ್ಲಿ ನಗು ಹುಟ್ಟುವುದೇ ಗುಣಾಕಾರ, ಭಾಗಾಕಾರದಿಂದ.

1722ರಲ್ಲಿ ವಿಲಿಯಂ ವುಡ್ ಎಂಬ ಇಂಗ್ಲಿಷ್ ಉದ್ಯಮಿಗೆ 360 ಟನ್ ತಾಮ್ರದಿಂದ ಐರ್ಲೆಂಡಿಗೆ ಚಿಲ್ಲರೆ ನಾಣ್ಯ ಟಂಕಿಸುವ ಪರವಾನಗಿ ಸಿಕ್ಕಿತು. ಐರಿಷ್ ಸಂಸತ್ತನ್ನು ಯಾರೂ ಕೇಳಲಿಲ್ಲ. ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್ (ಮುಖ್ಯ ಪಾದ್ರಿ) ಜೊನಾಥನ್ ಸ್ವಿಫ್ಟ್ 'ಎಂ.ಬಿ. ಡ್ರೇಪಿಯರ್' ಎಂಬ ಜವಳಿ ಅಂಗಡಿಯವನಾಗಿ ಈ ನಾಣ್ಯದ ವಿರುದ್ಧ ಪತ್ರಗಳನ್ನು ಕಿರುಹೊತ್ತಗೆಗಳಾಗಿ ಬರೆದ. ಅಂಗಡಿಯವನ ವೇಷ ಹಾಕಿದ್ದೇ ಜಾಣತನ: ತೂಕ, ಚಿಲ್ಲರೆ, ಗೇಣಿ ಅವನ ಬಾಯಲ್ಲಿ ಸಹಜವಾಗಿ ಬರುತ್ತವೆ.

ಮೊದಲ ಪತ್ರದಲ್ಲಿ ಅವನು ಹೇಳುತ್ತಾನೆ: ದೊಡ್ಡ ಜಮೀನುದಾರ ಕೊನೊಲಿ ಸಾಹೇಬರಿಗೆ ವರ್ಷಕ್ಕೆ 16,000 ಪೌಂಡ್ ಆದಾಯ, ಅರ್ಧ ವರ್ಷದ ಗೇಣಿಯನ್ನು ಈ ನಾಣ್ಯದಲ್ಲಿ ತರಿಸಿದರೆ 240 ಕುದುರೆ ಬೇಕು, ಇಡಲು ಎರಡು ಮೂರು ದೊಡ್ಡ ನೆಲಮಾಳಿಗೆ ಬೇಕು. ಉತ್ಪ್ರೇಕ್ಷೆಯೇ? ಲೆಕ್ಕ ಹಾಕಿ. ಆಗ ಒಂದು ಪೌಂಡ್ ಹಣಕ್ಕೆ 240 ಪೆನ್ನಿ, ಹಾಗಾಗಿ 8,000 ಪೌಂಡ್ ಎಂದರೆ 19,20,000 ಪೆನ್ನಿ. ಪರವಾನಗಿಯ ಪ್ರಕಾರ ಒಂದು ಪೌಂಡ್ ತೂಕದ ತಾಮ್ರಕ್ಕೆ 30 ಪೆನ್ನಿ. ಅಲ್ಲಿಗೆ 64,000 ಪೌಂಡ್ ತೂಕ, ಸುಮಾರು 29,000 ಕಿಲೋ. 240ರಿಂದ ಭಾಗಿಸಿ: ಕುದುರೆಗೆ ಸುಮಾರು 120 ಕಿಲೋ, ಹೇರುಗುದುರೆಯೊಂದು ಹೊರಬಲ್ಲಷ್ಟೇ ಭಾರ. ಚಿತ್ರ ಹುಚ್ಚು, ಅಂಕಿ ಸರಿ. ಓದಿದ ರೈತ ತನ್ನ ಗೇಣಿಯನ್ನೂ ಹಾಗೇ ತೂಗಿ ನೋಡಬಹುದಿತ್ತು.

ಎಡವಿದ ಜಾಗವೂ ಇದೆ. ಒಂದು ಶಿಲ್ಲಿಂಗ್ (12 ಪೆನ್ನಿ) ಮೊತ್ತದ ಈ ನಾಣ್ಯಕ್ಕೆ ಕಂಚುಗಾರ ಒಂದು ಪೆನ್ನಿಗಿಂತ ಹೆಚ್ಚು ಕೊಡಲಾರ ಎಂದ. ಅದು ಸುಳ್ಳು. ಅದೇ ವರ್ಷ ಟಂಕಸಾಲೆಯಲ್ಲಿ ಐಸಾಕ್ ನ್ಯೂಟನ್ ಪರೀಕ್ಷಿಸಿದಾಗ ತಾಮ್ರ ಕರಾರಿನಂತೆಯೇ ಇತ್ತು. ವಾದ ಆದರೂ ಬೀಳಲಿಲ್ಲ, ಏಕೆಂದರೆ ಅದರ ಬೇರು ಲೋಹದಲ್ಲಿರಲಿಲ್ಲ, ಜನರ ಒಪ್ಪಿಗೆಯಲ್ಲಿತ್ತು.

ಆ ಮಾತನ್ನು ನಾಲ್ಕನೆಯ ಪತ್ರ ನೇರವಾಗಿ ಆಡಿತು. ಲೇಖಕನ ಸುಳಿವಿಗೆ ಸರ್ಕಾರ 300 ಪೌಂಡ್ ಬಹುಮಾನ ಸಾರಿತು. ಡಬ್ಲಿನ್ನಿಗೆಲ್ಲ ಹೆಸರು ಗೊತ್ತು, ಬಾಯಿಬಿಟ್ಟವರಿಲ್ಲ. ಬದಲಿಗೆ ಬೈಬಲ್ಲಿನ ಒಂದು ವಚನ ಊರೆಲ್ಲ ಹರಿದಾಡಿತು: ಯೋನಾತಾನನು ಸಾಯಬೇಕೇ ಎಂದು ಜನ ದೊರೆ ಸೌಲನನ್ನು ಕೇಳಿ ಅವನನ್ನು ಉಳಿಸಿಕೊಂಡದ್ದು. ಯೋನಾತಾನ ಎಂದರೆ ಇಂಗ್ಲಿಷಿನಲ್ಲಿ ಜೊನಾಥನ್.

ಸಿಕ್ಕಿಬಿದ್ದವನು ಮುದ್ರಕ ಜಾನ್ ಹಾರ್ಡಿಂಗ್. ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ನಡೆಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಆರೋಪ ಹೊರಿಸಲು ಒಪ್ಪಲಿಲ್ಲ. 1725ರಲ್ಲಿ ಪರವಾನಗಿಯೂ ರದ್ದಾಯಿತು. ವುಡ್‌ಗೆ ಪರಿಹಾರವೆಂದು ವರ್ಷಕ್ಕೆ 3,000 ಪೌಂಡ್ ಗೊತ್ತುಮಾಡಿದರು. ಹಾರ್ಡಿಂಗ್ ಅದೇ ವರ್ಷ ತೀರಿಕೊಂಡ.