ರಸ್ತೆಯಲ್ಲಿ ಕೂತವರು, ದೆಹಲಿಗೆ ಹೋದವರು

ಮೊನ್ನೆ ಮಂಡ್ಯದಲ್ಲಿ ಮುಕ್ಕಾಲು ಗಂಟೆ ಬಸ್ಸಲ್ಲೇ ಕೂತಿದ್ದೆ. ರೈತರ ರಸ್ತೆತಡೆ. ಪಕ್ಕದವರು "ಇವರದ್ದು ಇದ್ದದ್ದೇ" ಅಂತ ಗೊಣಗಿದರು. ಹಿಂದಿನ ಸೀಟಿನ ಅಜ್ಜ ಜೇಬಿನಿಂದ ಕಬ್ಬಿನ ತೂಕದ ಚೀಟಿ ತೆಗೆದರು. ನಾಲ್ಕು ಮಡಿಕೆ, ಬೆವರಿಗೆ ಅರ್ಧ ಅಕ್ಷರ ಅಳಿಸಿಹೋಗಿತ್ತು. "ಮೂರು ತಿಂಗಳಾಯ್ತು ಕಣಪ್ಪ, ಕಾಸು ಬಂದಿಲ್ಲ." ಗೊಣಗು ಅಲ್ಲಿಗೇ ನಿಂತಿತು.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಕಾನೂನು ಚೆನ್ನಾಗೇ ಇದೆ. ಆದರೆ ಅದನ್ನ ಅಧಿಕಾರಿಗೆ ನೆನಪಿಸೋಕೆ ರೈತ ರಸ್ತೆಗೆ ಇಳಿಯಬೇಕು, ಏಕೆಂದರೆ ಅವನ ಹತ್ತಿರ ಇರೋದು ತಲೆಗಳ ಸಂಖ್ಯೆ ಮತ್ತು ಬಸ್ಸಲ್ಲಿ ಕೂತ ನಮ್ಮಂಥವರ ಕನಿಕರ, ಅದೂ ತಾಳ್ಮೆ ಕೆಡುವ ತನಕ ಮಾತ್ರ.

ಸಕ್ಕರೆ ಕಾರ್ಖಾನೆಯವರಿಗೂ ಸಂಘ ಇದೆ, ಅದೂ 1932ರಿಂದ. ಅವರು ಟ್ರಾಫಿಕ್ ನಿಲ್ಲಿಸಿದ್ದನ್ನ ನಾನಂತೂ ನೋಡಿಲ್ಲ. ಕಬ್ಬಿನ ದರ, ಎಥೆನಾಲ್, ರಫ್ತು ಎಲ್ಲ ದೆಹಲಿಯಲ್ಲೇ ತೀರ್ಮಾನ ಆಗೋದು, ಅಂಕಿಅಂಶದ ಫೈಲು ಹಿಡಿದು ಸೀದಾ ಅಲ್ಲಿಗೇ ಹೋಗ್ತಾರೆ. ಜನ ಏನಂತಾರೆ ಅನ್ನೋ ಚಿಂತೆ ಅವರಿಗೆ ಕಮ್ಮಿ. ಕೆಲವು ಕಾರ್ಖಾನೆಗಳ ಮಾಲೀಕರೇ ರಾಜಕಾರಣಿಗಳು, ಇನ್ನು ಬಾಗಿಲು ಯಾಕೆ ತಟ್ಟಬೇಕು, ಅಲ್ವಾ?

1980ರಲ್ಲಿ ಹುಟ್ಟಿದ ರೈತ ಸಂಘವೂ ವಿಧಾನಸಭೆಯ ಒಳಗೆ ಹೋಗಿ ನೋಡಿತು. ಸಂಘದ ನಾಯಕ, ನಮ್ಮ ಕಡೆಯ ಪುಟ್ಟಣ್ಣಯ್ಯ ಶಾಸಕರಾದರು. ಹಾಗಂತ ರಸ್ತೆತಡೆ ನಿಲ್ಲಲಿಲ್ಲ.

ಬಸ್ಸು ಹೊರಟಾಗ ಅಜ್ಜ ಚೀಟಿಯನ್ನ ಮತ್ತೆ ಅದೇ ಮಡಿಕೆಗೆ ಮಡಿಸಿ ಜೇಬಿಗಿಟ್ಟರು.