ಐದನೇ ಸೆಮ್‌ನ ಒಂದು ಶನಿವಾರ, ಮಂಡ್ಯದಲ್ಲಿ

ಕೆರಿಯರ್ ಸೆಮಿನಾರನ್ನು ಎಂಜಿನಿಯರಿಂಗಿನ ಏಳನೇ ಸೆಮ್‌ನಲ್ಲಿ ಇಟ್ಟರೆ ಅದು ಸೆಮಿನಾರ್ ಅಲ್ಲ, ಸಾಂತ್ವನ. ಅಷ್ಟರಲ್ಲಿ ಕಂಪನಿಗಳು ಕ್ಯಾಂಪಸ್ಸಿಗೆ ಬರಲು ಶುರುವಾಗಿರುತ್ತದೆ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರನ್ನು ಪಟ್ಟಿಯಿಂದ ತೆಗೆದೂ ಆಗಿರುತ್ತದೆ. ಅದಕ್ಕೇ ಈ ಸಲ ಮಂಡ್ಯದ ಕಾಲೇಜೊಂದರಲ್ಲಿ ಐದನೇ ಸೆಮ್‌ನವರನ್ನೇ ಕೇಳಿ ಪಡೆದದ್ದು. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ (ಇಸಿ) ಸೇರಿ ಅರವತ್ತು ಮಂದಿ, ಮಧ್ಯಾಹ್ನ ಎರಡರಿಂದ ಐದು. ಕಾಲೇಜಿನವರು ಆಡಿಟೋರಿಯಂ ಕೊಡಲು ಸಿದ್ಧರಿದ್ದರು. ಡ್ರಾಯಿಂಗ್ ಹಾಲ್ ಸಾಕು ಎಂದೆವು. ಆಡಿಟೋರಿಯಮ್ಮಿನಲ್ಲಿ ಕೂತವರು ಪ್ರೇಕ್ಷಕರಾಗಿಬಿಡುತ್ತಾರೆ; ಡ್ರಾಯಿಂಗ್ ಹಾಲಿನಲ್ಲಿ ಮೇಜು ಎಳೆದುಕೊಂಡು ಎದುರುಬದುರು ಕೂರಬಹುದು.

ಐದೈದು ಜನರ ಹನ್ನೆರಡು ಗುಂಪು. ಗುಂಪು ಮಾಡುವಾಗ ಒಂದು ಎಚ್ಚರ ಬೇಕು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ, ಬಂದವರು ಸಾಮಾನ್ಯವಾಗಿ ಕೊನೇ ಬೆಂಚಿನಲ್ಲಿ ಒಟ್ಟಿಗೆ ಕೂತಿರುತ್ತಾರೆ. ಅವರಲ್ಲಿ ಕೆಲವರು ಆಗಲೇ ವರ್ಕ್‌ಶಾಪಿನ ಎಣ್ಣೆ ಮೆತ್ತಿಕೊಂಡವರು, ಶಿಫ್ಟ್ ಅಂದರೇನು ಎಂದು ಬಲ್ಲವರು. ಅವರನ್ನು ಗುಂಪಿಗೊಬ್ಬರಂತೆ ಹಂಚಿದರೆ ಅರ್ಧ ಪಾಠ ಅವರೇ ಮಾಡುತ್ತಾರೆ.

ಪ್ರತಿ ಗುಂಪಿಗೂ ಒಂದು ಉದ್ಯೋಗ ಜಾಹೀರಾತಿನ ಪ್ರಿಂಟ್. ಕಂಪನಿಯ ಹೆಸರು, ಹುದ್ದೆಯ ಹೆಸರು, ಸಂಬಳ ಮೂರನ್ನೂ ಕತ್ತರಿಸಿ ತೆಗೆದದ್ದು. ಪ್ರಶ್ನೆ ಎರಡೇ: ಈ ಮನುಷ್ಯ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲಿ ನಿಂತು ಏನು ಮಾಡುತ್ತಿರುತ್ತಾನೆ? ನೀವು ಇದುವರೆಗೆ ಓದಿದ್ದರಲ್ಲಿ ಯಾವುದು ಅವನಿಗೆ ಬೇಕಾಗುತ್ತದೆ? ಇಪ್ಪತ್ತು ನಿಮಿಷ.

ಮೊದಲ ಹತ್ತು ನಿಮಿಷ ಕೆಟ್ಟೇ ಹೋಯಿತು, ಹೋಗುವುದೇ ಹಾಗೆ. ಜಾಹೀರಾತಿನ ಇಂಗ್ಲಿಷ್ ಅಂದರೆ ಉಬ್ಬಿದ ಪೂರಿ, ಒತ್ತಿದರೆ ಒಳಗೆ ಗಾಳಿ. ಹೆಚ್ಚಿನ ಗುಂಪುಗಳು 'ಮ್ಯಾನೇಜ್‌ಮೆಂಟ್ ಕೆಲಸ' ಎಂದು ಬರೆದು ಕೂತವು. ಆಗ ಪೆನ್ಸಿಲ್ ಕೊಟ್ಟು, ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ, ಉಳಿದದ್ದನ್ನು ಮರೆತುಬಿಡಿ ಎಂದರೆ ದಾರಿ ಕಾಣುತ್ತದೆ: ಅಳೆ, ಪರೀಕ್ಷಿಸು, ವರದಿ ಬರೆ, ಸೈಟಿಗೆ ಹೋಗು, ಪೂರೈಕೆದಾರರಿಗೆ ಫೋನ್ ಮಾಡು. ಚರ್ಚೆ ಕನ್ನಡದಲ್ಲೇ ನಡೆಯಲಿ ಎಂದಿದ್ದೂ ಆಗಲೇ. ಹಾಲಿನಲ್ಲಿ ತಟ್ಟನೆ ಸದ್ದು ಎದ್ದಿತು.

ಕೊನೆಯಲ್ಲಿ ಹುದ್ದೆಯ ಹೆಸರುಗಳನ್ನು ಬಯಲು ಮಾಡಿದಾಗ ಮೂರು ಗುಂಪುಗಳ ಕೈಯಲ್ಲಿ ಒಂದೇ ಹೆಸರು: ಗ್ರಾಜುಯೇಟ್ ಎಂಜಿನಿಯರ್ ಟ್ರೈನಿ (ಜಿಇಟಿ). ಒಂದು ರಾತ್ರಿ ಪಾಳಿಯ ಉತ್ಪಾದನಾ ವಿಭಾಗ, ಒಂದು ಖರೀದಿ ವಿಭಾಗ, ಇನ್ನೊಂದು ಊರೂರು ಸುತ್ತಿ ಡೀಲರುಗಳನ್ನು ಕಾಣುವ ಕೆಲಸ. "ಸರ್, ಹಂಗಾದ್ರೆ ಜಿಇಟಿ ಅಂದ್ರೆ ಏನೂ ಅಲ್ವಾ?" ಎಂದು ಒಬ್ಬ ಕೇಳಿದ. ಏನೂ ಅಲ್ಲ. ಅದು ಹಣೆಪಟ್ಟಿ. ಸಂದರ್ಶನದಲ್ಲಿ "ನನ್ನನ್ನು ಯಾವ ವಿಭಾಗಕ್ಕೆ ಹಾಕುತ್ತೀರಿ, ಎಷ್ಟು ತಿಂಗಳು?" ಎಂದು ಕೇಳುವ ಹಕ್ಕು ಅಭ್ಯರ್ಥಿಗೂ ಇದೆ.

ಆಮೇಲೆ ಬೋರ್ಡಿನ ಮೇಲೆ ಮದ್ದೂರಿನಿಂದ ನಂಜನಗೂಡಿನವರೆಗೆ ಒಂದು ಗೆರೆ. ಎಂಜಿನಿಯರ್ ಬೇಕಾಗುವ ಜಾಗಗಳನ್ನು ಅವರೇ ತುಂಬಬೇಕು. ಮೊದಲು ಬಂದದ್ದು ಮೈಸೂರಿನ ಇನ್ಫೋಸಿಸ್, ಮತ್ತೆ ಮೌನ. ಮೆಲ್ಲಗೆ ಕೆದಕಿದರೆ ಬಿಇಎಂಎಲ್, ಅಶೋಕಪುರಂನ ರೈಲ್ವೆ ವರ್ಕ್‌ಶಾಪ್, ಟೈರ್ ಕಾರ್ಖಾನೆ, ನಂಜನಗೂಡು ರಸ್ತೆಯ ಟಿವಿಎಸ್, ಮೈಸೂರಿನ ಹೆಬ್ಬಾಳ ಮತ್ತು ಹೂಟಗಳ್ಳಿಯ ಸಣ್ಣ ಘಟಕಗಳು, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಡಿಎಫ್‌ಆರ್‌ಎಲ್ ಒಂದೊಂದಾಗಿ ಹೊರಬಂದವು. ತಮಾಷೆ ಎಂದರೆ ಕಾಲ್ನಡಿಗೆಯ ದೂರದ ಸಕ್ಕರೆ ಕಾರ್ಖಾನೆ ಯಾರ ಬಾಯಲ್ಲೂ ಬರಲಿಲ್ಲ. 1933ರಲ್ಲಿ ಶುರುವಾದ ಮೈಷುಗರ್ ಇವರಿಗೆ ಅಪ್ಪ ಕಬ್ಬು ಹಾಕುವ ಜಾಗ, ಬಾಕಿ ಹಣಕ್ಕೆ ಅಲೆಯುವ ಜಾಗ. ಬಾಯ್ಲರು, ಟರ್ಬೈನು, ರಸ ಕಾಯಿಸುವ ಇವ್ಯಾಪರೇಟರು ಇರುವ ಜಾಗವಾಗಿ ಅದು ಕಂಡೇ ಇಲ್ಲ. ಹೀಟ್ ಟ್ರಾನ್ಸ್‌ಫರ್ ಲೆಕ್ಕವನ್ನು ಪುಸ್ತಕದಲ್ಲಿ ಮಾಡಿದವರಿಗೆ ಆ ಹೊಗೆ ಗೊಬ್ಬರದ ವಾಸನೆಯಷ್ಟೇ ಮಾಮೂಲಿ.

ಹೆಸರು ಬರೆದರೆ ಸಾಲದು, ಒಳಗೆ ಹೋಗುವ ಬಾಗಿಲು ಯಾವುದು ಎಂದೂ ಪಕ್ಕದಲ್ಲಿ ಬರೆಯಬೇಕು. ರೈಲ್ವೆಯಲ್ಲಿ ಜೂನಿಯರ್ ಎಂಜಿನಿಯರ್ ಆಗಲು ರೈಲ್ವೆ ನೇಮಕಾತಿ ಮಂಡಳಿಯ (ಆರ್‌ಆರ್‌ಬಿ) ಪರೀಕ್ಷೆ. ಸಣ್ಣ ಘಟಕಗಳಿಗೆ ಹೆಚ್ಚಾಗಿ ಪರಿಚಯದವರ ಮಾತು. ಪದವಿ ಮುಗಿಸಿದವರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆಯ ಮೂಲಕ ಒಂದು ವರ್ಷದ ಅಪ್ರೆಂಟಿಸ್‌ಶಿಪ್. ಸ್ಟೈಪೆಂಡ್ ಕಡಿಮೆ, ಕಾಯಂ ಆಗುತ್ತದೆಂಬ ಭರವಸೆಯೂ ಇಲ್ಲ, ಆದರೆ ಅನುಭವ ಪತ್ರಕ್ಕೆ ಬೆಲೆ ಇದೆ. ಎಂ.ಟೆಕ್‌ಗೂ ಕೆಲವು ಸರ್ಕಾರಿ ಕಂಪನಿಗಳ ಕೆಲಸಕ್ಕೂ ದಾರಿಯಾದ ಗೇಟ್ ಪರೀಕ್ಷೆಯ ಬಗ್ಗೆ ಕೇಳಿದವರೇ ಹೆಚ್ಚು: 3 ಗಂಟೆ, 65 ಪ್ರಶ್ನೆ, 100 ಅಂಕ, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಸ್ಕೋರಿಗೆ 3 ವರ್ಷದ ಆಯಸ್ಸು. ಹಾಗೆಂದು ಸರ್ಕಾರಿ ಕಂಪನಿಗಳು ಹಳೇ ಸ್ಕೋರ್ ಒಪ್ಪುತ್ತವೆ ಎಂದುಕೊಳ್ಳಬಾರದು; ಅಧಿಸೂಚನೆಯಲ್ಲಿ ಯಾವ ವರ್ಷ ಕೇಳಿದ್ದಾರೋ ಅದೇ.

ಅತಿ ಹೆಚ್ಚು ಸಮಯ ತಿಂದದ್ದು ಸಂಬಳದ ಲೆಕ್ಕ, ತಿನ್ನಲೂ ಬೇಕು. ವರ್ಷಕ್ಕೆ 3.6 ಲಕ್ಷ ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಎಂದೇ ಎಲ್ಲರ ನಂಬಿಕೆ. ಬೇಸಿಕ್, ಅಂದರೆ ಮೂಲ ವೇತನ, 15,000 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ 12 ಶೇಕಡಾ, 1,800. ವರ್ಷಗಟ್ಟಲೆ ದುಡಿದು ಬಿಡುವಾಗ ಸಿಗುವ ಗ್ರಾಚ್ಯುಯಿಟಿ 4.81 ಶೇಕಡಾ, ಸುಮಾರು 721. ಇವೆರಡೂ ಆ 30,000ದ ಒಳಗೇ ಇವೆ, ಉಳಿದದ್ದು 27,479. ಅದರಲ್ಲಿ ನೌಕರನ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ 25,479. ವಿಮೆಯ ಕಂತು, ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ ಸೇರಿದ್ದರೆ ಇನ್ನೂ ಇಳಿಯುತ್ತದೆ. ಇದರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಳೆಯಿರಿ ಎಂದಾಗ, ಮೈಸೂರಲ್ಲಿ ಕಡಿಮೆ ಸಂಬಳದ ಕೆಲಸಕ್ಕೆ ಮೂಗು ಮುರಿದಿದ್ದವರು ಮತ್ತೆ ಪೆನ್ನು ಹಿಡಿದರು. ಬಾಂಡ್ (ಇಷ್ಟು ಕಾಲ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರು) ಇರುವ ಆಫರ್ ಆದರೆ ಮೊತ್ತ ಎಷ್ಟು, ಅವಧಿ ಟ್ರೈನಿಂಗ್ ಸೇರಿಯೋ ಬಿಟ್ಟೋ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೋ ಎಂದು ಕೇಳಲೇಬೇಕು. ಮೂಲ ಅಂಕಪಟ್ಟಿಯನ್ನು ಕೈಬಿಡಬಾರದು.

ಕೊನೆಯ ಭಾಗ ಫೋನ್. ತಮ್ಮದೇ ಬ್ರಾಂಚಿನ, ಎರಡು ಮೂರು ವರ್ಷದ ಹಿಂದೆ ಮುಗಿಸಿದ ಮೂವರನ್ನು ಹುಡುಕಿ ಮಾತಾಡಬೇಕು. ಏನೆಂದು ಕೇಳುವುದು ಎಂಬ ಅಳುಕೇ ದೊಡ್ಡದು, ಹಾಗಾಗಿ ಮಾತನ್ನೇ ಬರೆಸಿದೆವು: "ನಮಸ್ಕಾರ ಅಣ್ಣ, ನಿಮ್ಮದೇ ಕಾಲೇಜು, ಮೆಕ್ಯಾನಿಕಲ್ ಐದನೇ ಸೆಮ್. ಕೆಲಸ ಕೊಡಿಸಿ ಅಂತಲ್ಲ, ನಿಮ್ಮ ಕೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡಬಹುದಾ?" 'ಕೆಲಸ ಕೊಡಿಸಿ ಅಂತಲ್ಲ' ಎಂಬ ಮಾತನ್ನು ಹೇಳದೆ ಬಿಟ್ಟರೆ ಅತ್ತಲಿಂದ ಉತ್ತರ ಬರುವುದಿಲ್ಲ. ಕೇಳಬೇಕಾದ್ದು ನಾಲ್ಕು: ನಿನ್ನೆ ಇಡೀ ದಿನ ಏನು ಮಾಡಿದಿರಿ, ಸೇರಿದ ಮೇಲೆ ಏನು ಕಲಿಯಬೇಕಾಯಿತು, ಬೇಜಾರಾಗುವುದು ಯಾವಾಗ, ಇನ್ಯಾರ ಜೊತೆ ಮಾತಾಡಲಿ. ನಾಲ್ಕನೆಯದೇ ಸರಪಳಿ ಬೆಳೆಸುವುದು.

ಮೂವರ ಹೆಸರು, ಫೋನ್ ಮಾಡುವ ತಾರೀಕು ಬರೆದ ಚೀಟಿಯನ್ನು ಅಲ್ಲೇ ಪಡೆಯಬೇಕಿತ್ತು. ಆದರೆ ನಾಲ್ಕೂವರೆಗೇ ಅರ್ಧ ಹಾಲ್ ಖಾಲಿ. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ. ಕೈಗೆ ಬಂದದ್ದು 34 ಚೀಟಿ. ಮುಂದಿನ ಸಲ ಫೋನ್ ಭಾಗ ಮೊದಲು, ಸಂಬಳದ ಲೆಕ್ಕ ಕೊನೆಗೆ. ಆ ಲೆಕ್ಕವನ್ನು ಬಸ್ಸಿನಲ್ಲಿ ಕೂತೂ ಮಾಡಬಹುದು.